ಬೆಲ್ಲ ಸಕ್ರಿ ಅಲ್ಲ ಅಂದ ತಿಪ್ಪವ್ವ

ದುಂಡಸಿಯಲ್ಲಿ ಮದುವೆ ಗೊತ್ತಾದರೆ ಹೆಣ್ಣಿನ ಕಡೆಯವರು ಮೊದಲು ಹೋಗುತ್ತಿದ್ದದ್ದು ಮಠದ ಸ್ವಾಮಿಗಳ ಹತ್ತಿರ, ಮುಹೂರ್ತ ಕೇಳಲು. ಅಲ್ಲಿಂದ ಎದ್ದವರು ನೇರವಾಗಿ ಬರುತ್ತಿದ್ದದ್ದು ತಿಪ್ಪವ್ವನ ಮನೆಗೆ. ಸ್ವಾಮಿಗಳು ಹೇಳಿದ ದಿನ ತಿಪ್ಪವ್ವನಿಗೆ ಬಿಡುವಿಲ್ಲದಿದ್ದರೆ, ತಿರುಗಿ ಮಠಕ್ಕೆ ಹೋಗಿ ಬೇರೊಂದು ದಿನ ಕೇಳಿದವರೂ ಇದ್ದರು.

ಅವಳ ಹೋಳಿಗೆಯ ಹೆಸರು ಶಿಗ್ಗಾಂವಿಯಿಂದ ಹಾನಗಲ್ಲಿನ ತನಕ ನಡೆದಿತ್ತು. ಬೆಂದ ಕಡಲೆಬೇಳೆಗೆ ಬೆಲ್ಲ ಹಾಕಿ ಹೂರಣ ತಿರುವುವಾಗ ಕಾಳಿನಷ್ಟು ತೆಗೆದು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದಳು. ಆಗ ಒಲೆಯ ಸುತ್ತ ಯಾರೂ ಮಾತಾಡುವಂತಿರಲಿಲ್ಲ. ಕಣ್ಣು ತೆರೆದು ‘ಇನ್ನೊಂದು ಮುಷ್ಟಿ’ ಅಂದರೆ ಇನ್ನೊಂದೇ ಮುಷ್ಟಿ. ಎರಡನೆಯ ಸಲ ರುಚಿ ನೋಡುವುದು ಕೆಲಸ ಬಾರದವರ ಚಟ ಎಂದು ಅವಳ ಅಭಿಪ್ರಾಯ. ಸೊಸೆ ಶಾರವ್ವ ಮದುವೆಯಾಗಿ ಬಂದಾಗಿನಿಂದ ಜೊತೆಗೆ ದುಡಿಯುತ್ತಿದ್ದಳು. ಬೇಳೆ ಆರಿಸುವುದು, ಕಣಕ ನಾದುವುದು, ಒರಳಲ್ಲಿ ರುಬ್ಬುವುದು ಅವಳ ಪಾಲು. ಹೂರಣಕ್ಕೆ ಬೆರಳು ಹಚ್ಚುವ ಅಧಿಕಾರ ಮಾತ್ರ ಅವಳಿಗಿರಲಿಲ್ಲ.

ಉಣ್ಣುವುದರಲ್ಲೂ ತಿಪ್ಪವ್ವ ಧಾರಾಳಿ. ‘ಅಡಗಿ ಮಾಡಾಕಿನ ಸೊರಗಿದ್ರ ಆಕಿ ಅಡಗಿ ಯಾರು ನಂಬ್ತಾರ’ ಅನ್ನುವುದು ಅವಳ ನ್ಯಾಯ. ಪಂಕ್ತಿಗಳೆಲ್ಲ ಎದ್ದ ಮೇಲೆ ಆರಿದ ಒಲೆಯ ಮುಂದೆ ಕಾಲು ಚಾಚಿ ಕೂತು, ಹೋಳಿಗೆಯ ಮೇಲೆ ಹಾಲು ತುಪ್ಪ ಸುರುವಿಕೊಂಡು ಸುರು ಮಾಡಿದಳೆಂದರೆ ಎಣಿಸುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಮನೆಯಲ್ಲಿ ಅವಳು ಕುಡಿಯುವ ಚಹಾ ಚಹಾ ಆಗಿರದೆ, ಚಹಾಪುಡಿಯ ಬಣ್ಣ ತಾಗಿಸಿದ ಬೆಲ್ಲದ ಪಾನಕವಾಗಿತ್ತು.

ಐವತ್ತೊಂಬತ್ತನೆಯ ಇಸವಿಯ ಬೇಸಿಗೆಯಲ್ಲಿ ಅವಳಿಗೆ ನೀರಡಿಕೆ ಹತ್ತಿತು. ಬಿಸಿಲ ದಿನ, ಎಲ್ಲರಿಗೂ ನೀರಡಿಕೆ ಇದ್ದದ್ದೇ. ಆದರೆ ತಿಪ್ಪವ್ವ ಕೊಡಪಾನಕ್ಕೇ ಬಾಯಿ ಹಚ್ಚುವ ಹಾಗಾದಳು. ಕುಡಿದಷ್ಟೂ ಹೊರಗೆ ಹೋಗಬೇಕು, ಹೋಗಿ ಬಂದರೆ ಮತ್ತೆ ಕುಡಿಯಬೇಕು. ತೋಳಿನ ಬಳೆಗಳು ಸಡಿಲಾದವು. ಮುಂಗೈಗೆ ತಗುಲಿದ್ದ ಸೌಟಿನ ಬರೆ ಮೂರು ವಾರವಾದರೂ ಒಣಗಲಿಲ್ಲ. ಕೊನೆಗೆ ಅವಳು ಹೋಗಿ ಬರುತ್ತಿದ್ದ ಬಚ್ಚಲ ಹಿಂದಿನ ಕಲ್ಲಿಗೆ ಇರುವೆ ಮುತ್ತಿದ್ದನ್ನು ನೋಡಿದ ಶಾರವ್ವ ಗಂಡನಿಗೆ ಹೇಳಿದಳು. ಮಗ ಗುದ್ಲೆಪ್ಪ ಹೊಲದ ಕೆಲಸ ಬಿಟ್ಟು, ಅವ್ವನನ್ನು ಬಸ್ಸು ಹತ್ತಿಸಿಕೊಂಡು ಶಿಗ್ಗಾಂವಿಯ ದವಾಖಾನೆಗೆ ಹೊರಟ.

ಅಲ್ಲಿ ಗಲಗಲಿ ಎಂಬ ಡಾಕ್ಟರು ಇದ್ದರು. ಸಣ್ಣ ಆಳು, ದೊಡ್ಡ ಕನ್ನಡಕ, ಸಿಟ್ಟು ಬಂದರೂ ನಗುವ ಮುಖ. ಅವರು ಗಾಜಿನ ನಳಿಗೆಯಲ್ಲಿ ನೀಲಿ ಔಷಧ ಹಾಕಿ, ತಿಪ್ಪವ್ವ ಶೀಶೆಯಲ್ಲಿ ಕೊಟ್ಟದ್ದರ ನಾಲ್ಕು ಹನಿ ಬಿಟ್ಟು ದೀಪದ ಮೇಲೆ ಕಾಯಿಸಿದರು. ನೀಲಿ ಹೋಗಿ ಹಸಿರಾಯಿತು, ಹಸಿರು ಹಳದಿಯಾಯಿತು, ನೋಡುನೋಡುತ್ತ ಸುಟ್ಟ ಇಟ್ಟಂಗಿಯ ಕೆಂಪಾಗಿ ನಿಂತಿತು. ತಿಪ್ಪವ್ವ ಅಡುಗೆಯವಳ ಕಣ್ಣಿನಿಂದ ನೋಡಿದಳು.

‘ಛಲೋ ಬಣ್ಣ ಬಂತಲ್ರಿ ಸಾಹೇಬ್ರ,’ ಅಂದಳು.

‘ಛಲೋ ಅಲ್ಲ, ಅವ್ವಾರ. ನೀಲಿ ಉಳಿದಿದ್ರ ಛಲೋ. ನಿಮಗ ಸಕ್ರಿ ಜಡ್ಡು ಐತಿ. ಇವತ್ತಿನಿಂದ ಸಕ್ರಿ ಬಂದ್. ಅನ್ನ ಕಡಿಮಿ ಮಾಡ್ರಿ, ರೊಟ್ಟಿ ಎರಡ ತಿನ್ರಿ, ಕಾಯಿಪಲ್ಯ ಜಾಸ್ತಿ ತಗೊಳ್ರಿ. ಗುಳಿಗಿ ಕೊಡತೇನಿ. ಕಾಲಿಗಿ ಗಾಯ ಮಾಡ್ಕೋಬ್ಯಾಡ್ರಿ.’

‘ಎಷ್ಟು ದಿನಾರಿ?’

‘ಇರೂತನಕ.’

ತಿಪ್ಪವ್ವನಿಗೆ ಹೆದರಿಕೆಯಾದದ್ದು ಜಡ್ಡಿಗಿಂತ ಎರಡು ರೊಟ್ಟಿಯ ಮಾತಿಗೆ.

ಹೊರಗಿನ ಬಾಕಿನ ಮೇಲೆ ಕೂತು ಗುಳಿಗೆಗಾಗಿ ಕಾಯುವಾಗ ಪಕ್ಕದಲ್ಲಿದ್ದ ಹೆಂಗಸು ಅವಳ ಕೈಯನ್ನೇ ನೋಡಿ, ‘ಬಳಿ ಸಡಿಲಾಗ್ಯಾವಲ್ಲ, ತಂಗಿ. ಸಕ್ರಿ ಏನು?’ ಅಂತ ಕೇಳಿದಳು. ಆಕೆ ತಡಸದ ಕುಲಸುಮಬಿ, ಬಳೆ ಮಲಾರ ಹೆಗಲಿಗೆ ಹಾಕಿಕೊಂಡು ಊರೂರು ತಿರುಗುವಾಕೆ. ಅವಳಿಗೂ ಇದೇ ಜಡ್ಡು, ಬಂದು ಎರಡು ವರ್ಷವಾಗಿತ್ತು. ಬಳೆ ತೊಡಿಸುವಾಗ ಹೆಂಗಸರು ಎಲ್ಲ ಮಾತೂ ಆಡುತ್ತಾರೆ. ಹಾಗಾಗಿ ನಾಲ್ಕು ತಾಲೂಕಿನ ಮನೆಮದ್ದುಗಳು ಕುಲಸುಮಬಿಯ ಬಾಯಲ್ಲಿದ್ದವು.

‘ಡಾಕ್ಟರು ಹೇಳೂದು ಅರ್ಧ ಖರೆ,’ ಅಂದಳು ಅವಳು. ‘ಸಕ್ರಿ ಮಿಲ್ಲಿನ ಮಾಲು, ಎಲುಬಿನ ಪುಡಿ ಹಾಕಿ ಬೆಳ್ಳಗ ಮಾಡ್ತಾರಂತ. ಅದು ಕೆಟ್ಟದ್ದ. ಖಜೂರಿ ಏನೂ ಮಾಡೂದಿಲ್ಲ, ಜೇನುತುಪ್ಪ ಏನೂ ಮಾಡೂದಿಲ್ಲ.’

‘ಬೆಲ್ಲ?’ ಅಂತ ತಿಪ್ಪವ್ವ ಮೆಲ್ಲಗೆ ಕೇಳಿದಳು.

‘ಬೆಲ್ಲ ಹೊಲದಾಗ ಬೆಳೆದದ್ದಲ್ಲೇನು, ತಂಗಿ? ನೆಲದಾಗ ಬೆಳೆದದ್ದು ಹೆಂಗ ಕೆಟ್ಟದ್ದು ಮಾಡೀತು?’

ತಿಪ್ಪವ್ವನ ಹೊಟ್ಟೆ ತಣ್ಣಗಾಯಿತು. ಡಾಕ್ಟರು ಸಕ್ರಿ ಅಂದಿದ್ದರೇ ಹೊರತು ಬೆಲ್ಲದ ಹೆಸರು ಎತ್ತಿರಲಿಲ್ಲ. ಅವಳ ಮನೆಯಲ್ಲಂತೂ ಸಕ್ಕರೆ ಬರುತ್ತಿದ್ದದ್ದು ಬೀಗರು ಬಂದಾಗ ಮಾತ್ರ. ಅದನ್ನು ಬಿಡುವುದು ಏನು ದೊಡ್ಡ ಮಾತು. ದುಂಡಸಿಗೆ ಬಂದಿಳಿದವಳೇ ಸಕ್ಕರೆ ಡಬ್ಬಿ ಎತ್ತಿ ಶಾರವ್ವನ ಕೈಗೆ ಕೊಟ್ಟು, ‘ಇದನ್ನ ನನ್ನ ಕಣ್ಣಿಗೆ ಬೀಳಧಂಗ ಇಡು’ ಅಂದಳು. ಆಮೇಲೆ ಬೆಲ್ಲದ ಚಹಾ ಕುಡಿದಳು.

ಸುದ್ದಿ ತಿಳಿದು ಊರೇ ಬಂತು. ಬಂದವರೆಲ್ಲ ಒಂದೊಂದು ಪಥ್ಯ ತಂದರು. ಮುಂಜಾನೆ ಬೇವಿನ ಚಿಗುರು ತಿನ್ನು ಅಂದರು. ಮೆಂತೆ ನೆನೆಯಿಟ್ಟು ಕುಡಿ ಅಂದರು. ಅನ್ನ ಮುಟ್ಟಬೇಡ, ಜೋಳದ ರೊಟ್ಟಿ ಎಷ್ಟು ತಿಂದರೂ ನಡೆಯುತ್ತದೆ ಅಂದರು. ಈ ಮಾತು ತಿಪ್ಪವ್ವನಿಗೆ ಬಹಳ ಹಿಡಿಸಿತು. ಎರಡಕ್ಕೆ ಇಳಿಸಬೇಕಾದ ರೊಟ್ಟಿಯನ್ನು ಏಳಕ್ಕೆ ಏರಿಸಿದಳು. ಅಕ್ಕ ಕರೆವ್ವ ಬಂದವಳು ತಲೆಬಾಗಿಲಲ್ಲೇ ಕೂತು, ‘ಮಂದಿ ಮದಿವ್ಯಾಗಿನ ಸಿಹಿ ಎಲ್ಲಾ ನೀನ ಉಂಡಿ. ಅದು ಎಲ್ಲಿ ಹೋಗಬೇಕು?’ ಅಂದಳು. ಅಂದರೂ ಹೋಗುವಾಗ ಒಂದು ಬುಟ್ಟಿ ಹಾಗಲಕಾಯಿ ಇಟ್ಟು ಹೋದಳು. ಕಹಿ ಸಿಹಿಯನ್ನು ಹೊಡೆಯುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

ಹಾಗಾಗಿ ತಿಪ್ಪವ್ವ ಮುಂಜಾನೆ ಎದ್ದು ಹಾಗಲಕಾಯಿಯ ರಸ ಮೂಗು ಹಿಡಿದು ಕುಡಿಯುವಳು. ಅದು ಹೊಟ್ಟೆಯಲ್ಲಿ ಕೂತು ಹೊಡೆಯಲು ಸಿದ್ಧವಾಗಿದೆ ಎಂಬ ಧೈರ್ಯದ ಮೇಲೆ ಮಧ್ಯಾಹ್ನ ಬೆಲ್ಲ ತುಪ್ಪ ಹಚ್ಚಿದ ರೊಟ್ಟಿ ತಿನ್ನುವಳು. ಸೋಮವಾರ ಒಪ್ಪತ್ತು ಹಿಡಿದಳು. ಉಪವಾಸ ಅಂದರೆ ರೋಗ ಸೊರಗುತ್ತದಂತೆ. ಉಪವಾಸದ ದಿನ ಬಾಳೆಹಣ್ಣು, ಶೇಂಗಾದ ಉಂಡಿ, ಸಾಬೂದಾಣಿ ಖೀರು. ಗುಳಿಗೆಯನ್ನೂ ಬಿಡಲಿಲ್ಲ. ಇಷ್ಟೆಲ್ಲ ಮಾಡುವ ರೋಗಿ ಡಾಕ್ಟರಿಗೆ ಇನ್ನೆಲ್ಲಿ ಸಿಗಬೇಕು ಎಂದು ಅವಳಿಗೆ ಹೆಮ್ಮೆಯಾಗಿತ್ತು.

ತಿಂಗಳ ನಂತರ ನೋಡಿದರೆ ನಳಿಗೆ ಮತ್ತೆ ಕೆಂಪು.

ಗಲಗಲಿ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ‘ಅವ್ವಾರ, ನಿನ್ನೆ ಮುಂಜಾನಿಂದ ಏನೇನು ತಿಂದೀರಿ, ಎಲ್ಲಾ ಹೇಳ್ರಿ.’

ತಿಪ್ಪವ್ವ ಮುಚ್ಚುಮರೆಯಿಲ್ಲದೆ ಹೇಳಿದಳು. ಬೆಲ್ಲದ ಮಾತು ಬಂದಾಗ ಡಾಕ್ಟರ ಹುಬ್ಬು ಮೇಲೇರಿತು.

‘ಸಕ್ರಿ ಬ್ಯಾಡ ಅಂದಿದ್ದೆ.’

‘ಬೆಲ್ಲ ಸಕ್ರಿ ಅಲ್ರಿ ಸಾಹೇಬ್ರ. ನಮ್ಮ ಕಡೆ ಬಾಣಂತಿಗೆ ಬೆಲ್ಲಾ ಕೊಡ್ತಾರ, ಸಕ್ರಿ ಕೊಡೂದಿಲ್ಲ.’

ಡಾಕ್ಟರು ಎದ್ದು ಕಂಪೌಂಡರನ ಕೈಲಿ ಒಂದು ಚೂರು ಬೆಲ್ಲ ತರಿಸಿದರು. ನೀರಲ್ಲಿ ಕರಗಿಸಿ, ನೀಲಿ ಔಷಧಕ್ಕೆ ನಾಲ್ಕು ಹನಿ ಬಿಟ್ಟು ಕಾಯಿಸಿದರು. ನಳಿಗೆ ಕೆಂಪಾಯಿತು. ತಾನೂ ಅಂದೇ ಗುಳಿಗೆಗೆ ಬಂದು ಬಾಗಿಲಲ್ಲಿ ಇಣುಕಿ ನೋಡುತ್ತಿದ್ದ ಕುಲಸುಮಬಿ ‘ಯಾ ಅಲ್ಲಾ’ ಅಂದಳು. ತಿಪ್ಪವ್ವ ಗದ್ದಕ್ಕೆ ಕೈ ಹಚ್ಚಿ ನೋಡುತ್ತಲೇ ಇದ್ದಳು. ಬೆಲ್ಲ ಅವಳ ಅನ್ನ, ಅವಳ ಹೆಸರು. ಅದು ತನ್ನ ಕಣ್ಣೆದುರಿಗೇ ಹೀಗೆ ಮಾಡೀತೆಂದು ಅವಳು ತಿಳಿದಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ, ‘ಈಗ ಸಕ್ರಿ ಹಾಕ್ರಿ, ನೋಡೂಣು,’ ಅಂದಳು.

ಡಾಕ್ಟರು ‘ಅದು ಬ್ಯಾಡ’ ಅಂದರು. ತಿಪ್ಪವ್ವ ಬಿಡಲಿಲ್ಲ. ಅಷ್ಟರಲ್ಲಿ ಕಂಪೌಂಡರ ತನ್ನ ಚಹಾದ ಡಬ್ಬಿಯಿಂದ ಚಿಟಿಕೆ ಸಕ್ಕರೆ ತಂದೇ ಬಿಟ್ಟಿದ್ದ. ಕರಗಿಸಿ ಹಾಕಿ ಕಾಯಿಸಿದರು. ನಳಿಗೆಯಲ್ಲಿ ಗುಳ್ಳೆ ಬಂತು, ಹಬೆ ಬಂತು. ಬಣ್ಣ ಮಾತ್ರ ನೀಲಿಯಾಗಿಯೇ ಉಳಿಯಿತು.

ಬಾಕಿನ ಮೇಲಿನ ರೋಗಿಗಳೆಲ್ಲ ನಕ್ಕರು. ಡಾಕ್ಟರೂ ನಕ್ಕರು. ‘ಇದಕ್ಕ ಬ್ಯಾಡ ಅಂದದ್ದು. ಸಕ್ರಿ ಭಾಳ ಕಳ್ಳ, ಅವ್ವಾರ. ನಳಿಗ್ಯಾಗ ಮುಸುಕು ಹಾಕ್ಕೊಂಡು ಕುಂದರತೈತಿ. ಹೊಟ್ಯಾಗ ಇಳಿದ ಮ್ಯಾಲ ಮುಸುಕು ತೆಗದು ಬೆಲ್ಲದಂಗ ಆಗತೈತಿ. ಎರಡೂ ಒಂದ. ಎರಡೂ ಬ್ಯಾಡ.’

ಇಬ್ಬರೂ ತಲೆಯಾಡಿಸಿ ಬಂದರು. ಆದರೆ ಬಸ್ಸಿನಲ್ಲಿ ಪಕ್ಕಪಕ್ಕ ಕೂತಾಗ ಕುಲಸುಮಬಿ, ‘ಡಾಕ್ಟರು ಬಾಯಿಲೆ ಏನರ ಹೇಳಲಿ, ನಾವು ಕಣ್ಣಾರೆ ನೋಡಿದ್ದು ನೀಲಿ’ ಅಂದಳು. ತಿಪ್ಪವ್ವನಿಗೂ ಅದೇ ಹೊಳೆದಿತ್ತು. ಮನೆಗೆ ಬಂದು, ‘ಶಾರವ್ವ, ಆ ಸಕ್ರಿ ಡಬ್ಬಿ ತಾ. ಬೆಲ್ಲ ಒಳಗಿಡು’ ಅಂದಳು. ಶಾರವ್ವ ಅತ್ತೆಯ ಮುಖ ನೋಡಿ ಡಬ್ಬಿ ತಂದಳು. ಒಂದು ತಿಂಗಳು ತಿಪ್ಪವ್ವ ದುಂಡಸಿಯಲ್ಲಿ, ಕುಲಸುಮಬಿ ತಡಸದಲ್ಲಿ ನಿಶ್ಚಿಂತೆಯಿಂದ ಸಕ್ಕರೆ ಚಹಾ ಕುಡಿದರು.

ಮುಂದಿನ ಸಲ ಇಬ್ಬರ ನಳಿಗೆಯೂ ಒಂದೇ ಕೆಂಪು. ಡಾಕ್ಟರು ಬೈಯಲಿಲ್ಲ. ಎರಡೂ ನಳಿಗೆಗಳನ್ನು ಬೆಳಕಿಗೆ ಹಿಡಿದು, ‘ಈಗ ನಂಬತೀರೇನು?’ ಅಂದರು.

‘ನಂಬಿದೆ ಸಾಹೇಬ್ರ,’ ಅಂದಳು ತಿಪ್ಪವ್ವ. ‘ಒಬ್ಬ ಹಗಲುಗಳ್ಳ, ಒಬ್ಬ ರಾತ್ರಿಗಳ್ಳ.’

ಆ ದಿನ ಅವಳು ಡಾಕ್ಟರ ಎದುರು ಪೂರಾ ಕೂತು ಕೇಳಿದಳು. ಹಾಗಲಕಾಯಿ ತಿನ್ನಬಹುದು, ಪಲ್ಯ ಅಂತ ತಿನ್ನಬೇಕು, ಅದರ ಭರವಸೆಯ ಮೇಲೆ ಸಿಹಿ ತಿನ್ನಬಾರದು. ರೊಟ್ಟಿಯೂ ಹೊಟ್ಟೆಯಲ್ಲಿ ಕೊನೆಗೆ ಸಕ್ಕರೆಯೇ ಆಗುತ್ತದೆ, ಅದಕ್ಕೆ ಎರಡು. ಉಪವಾಸ ಮಾಡಿ ಬಾಳೆಹಣ್ಣು ಉಂಡಿ ತಿನ್ನುವ ಬದಲು ಹೊತ್ತುಹೊತ್ತಿಗೆ ಸ್ವಲ್ಪಸ್ವಲ್ಪ ಉಣ್ಣಬೇಕು. ಖಜೂರಿ, ಜೇನು ಎಲ್ಲ ಒಂದೇ ಗೋತ್ರ. ಕುಲಸುಮಬಿ ಖಜೂರಿಯ ಮಾತಿಗೆ ನಿಟ್ಟುಸಿರು ಬಿಟ್ಟಳು.

ತಿಳಿದದ್ದು ತಲೆಗೆ, ನಾಲಿಗೆಗೆ ಅಲ್ಲ. ಬೆಲ್ಲದ ವಾಸನೆ ಬಂದರೆ ತಿಪ್ಪವ್ವನ ಬಾಯಲ್ಲಿ ನೀರು ಬರುತ್ತಿತ್ತು. ಒಮ್ಮೆ ಬೆಲ್ಲದ ಗಡಿಗೆಯ ಹತ್ತಿರ ಹೋಗಿ ನಿಂತು ಒಂದು ಚೂರು ಬೆಲ್ಲ ಬಾಯಿಗಿಟ್ಟುಕೊಂಡು, ಶಾರವ್ವ ಬಂದಳೆಂದು ಹಾಗೇ ನುಂಗಿ ಬಿಕ್ಕಳಿಸಿದಳು. ಅತ್ತೆಯಾದವಳು ಸೊಸೆಗೆ ಅಂಜಿ ಬೆಲ್ಲ ಕದಿಯುವುದೆಂದರೆ ಏನು. ಅವಳಿಗೆ ತನ್ನ ಮೇಲೇ ನಗು ಬಂತು, ನಾಚಿಕೆಯೂ ಆಯಿತು.

ಈ ಸಂಕಟವನ್ನು ಕೇಳಿದ ಕುಲಸುಮಬಿ ಅವಳನ್ನು ಸವಣೂರಿಗೆ ಕರೆದುಕೊಂಡು ಹೋದಳು. ಅಲ್ಲಿ ವೀಳ್ಯದೆಲೆ ತೋಟದ ಹಜರತಅಲಿ ಎಂಬ ಮುದುಕ ಬೇಲಿಗೆ ಹಬ್ಬಿದ ಒಂದು ಬಳ್ಳಿಯ ಎಲೆ ಕೊಡುತ್ತಿದ್ದ. ‘ಗುಡಮಾರ್ ಅಂತಾರ ಇದಕ್ಕ,’ ಅಂದ ಅವನು. ‘ಗುಡ ಅಂದ್ರ ಬೆಲ್ಲ. ಬೆಲ್ಲಾನ ಕೊಲ್ಲೂದು. ಅಗದು ನೋಡು, ಬೇಟಿ.’

ತಿಪ್ಪವ್ವ ಒಂದು ಎಲೆ ಚೆನ್ನಾಗಿ ಅಗಿದು ಉಗುಳಿದಳು. ಹಜರತಅಲಿ ಅವಳ ಅಂಗೈಗೆ ಚಿಟಿಕೆ ಸಕ್ಕರೆ ಹಾಕಿದ. ನಾಲಿಗೆಯ ಮೇಲಿಟ್ಟರೆ ಹೊಳೆಯ ಉಸುಕು. ಹಲ್ಲಿನ ಕೆಳಗೆ ಕರಕರ ಅನ್ನುತ್ತಿತ್ತೇ ಹೊರತು ಸಿಹಿ ಇಲ್ಲ. ಬೆಲ್ಲ ಇಟ್ಟರೆ ಹುತ್ತದ ಮಣ್ಣು. ಆದರೆ ಉಪ್ಪು ಉಪ್ಪಾಗಿತ್ತು, ಹುಣಸೆ ಹುಳಿಯಾಗಿತ್ತು. ಇಬ್ಬರು ಹೆಂಗಸರೂ ಎಲೆತೋಟದ ಬದುವಿನ ಮೇಲೆ ಕೂತು, ಚಿಕ್ಕ ಹುಡುಗಿಯರ ಹಾಗೆ ಒಂದೊಂದನ್ನೇ ಬಾಯಿಗಿಟ್ಟು ನಕ್ಕರು. ಒಂದು ಗಂಟೆಯ ಹೊತ್ತಿಗೆ ನಾಲಿಗೆ ತಿರುಗಿ ಬಂತು. ಡಾಕ್ಟರಿಗೆ ಹೇಳಿದಾಗ ಅವರು, ‘ಅದು ನಾಲಿಗಿಗಿ ಬೀಗ ಹಾಕತೈತಿ, ಜಡ್ಡಿಗಲ್ಲ. ಬೇಕಾದ್ರ ಅಗೀರಿ, ಗುಳಿಗಿ ಪಥ್ಯಾ ಬಿಡಬ್ಯಾಡ್ರಿ’ ಅಂದರು. ತಿಪ್ಪವ್ವನಿಗೆ ಬೇಕಾದದ್ದು ಬೀಗವೇ.

ಮರುವರ್ಷ ವೈಶಾಖದಲ್ಲಿ ಹಾನಗಲ್ಲಿನ ಉಳವಪ್ಪ ತನ್ನ ಮಗಳ ಮದುವೆಗೆ ತಿಪ್ಪವ್ವನನ್ನು ಕರೆಸಿದ. ದೊಡ್ಡ ಮನೆತನ. ತನ್ನದೇ ಕಬ್ಬು, ತನ್ನದೇ ಗಾಣ. ಬೆಲ್ಲದ ಪೆಂಟೆಗಳನ್ನು ಅಡುಗೆ ಚಪ್ಪರದಲ್ಲಿ ಸಾಲಾಗಿ ಇಡಿಸಿ, ‘ನಮ್ಮ ಬೆಲ್ಲಕ್ಕ ಸಂತಿಯೊಳಗ ಜೋಡಿ ಇಲ್ಲ, ತಿಪ್ಪವ್ವ’ ಅಂತ ಹೇಳಿ ಹೋದ.

ಆ ಬೆಲ್ಲದ ಹೊಂಬಣ್ಣ ನೋಡಿದೊಡನೆ ತಿಪ್ಪವ್ವನಿಗೆ ತನ್ನ ಮೇಲಿನ ನಂಬಿಕೆ ಹೋಯಿತು. ಸೀರೆಯ ಗಂಟಿನಿಂದ ಎಲೆ ತೆಗೆದಳು. ದಿನಾ ಒಂದು ಅಗಿಯುತ್ತಿದ್ದವಳು ಅಂದು ನಾಲ್ಕೈದು ಕೂಡಿಸಿ ಅಗಿದಳು. ಹೂರಣಕ್ಕೆ ಕೈ ಹಾಕುವ ಹೊತ್ತಿಗೆ ನಾಲಿಗೆ ತಿರುಗಿ ಬಂದಿರುತ್ತದೆ ಎಂದು ಲೆಕ್ಕ ಹಾಕಿ ಕೆಲಸಕ್ಕೆ ಇಳಿದಳು. ಒಲೆ ಹೊತ್ತಿತು, ಬೇಳೆ ಬೆಂದಿತು, ಕಟ್ಟು ಬಸಿದರು. ಕಟ್ಟಿನ ಸಾರಿನ ರುಚಿ ನೋಡಿದಳು. ಉಪ್ಪು, ಹುಳಿ, ಖಾರ ಎಲ್ಲ ಸರಿಯಾಗಿ ತಿಳಿಯಿತು. ನಾಲಿಗೆ ಬಂತು ಅಂದುಕೊಂಡು ಎಲೆಯ ಮಾತನ್ನೇ ಮರೆತಳು.

ಹೂರಣಕ್ಕೆ ಬೆಲ್ಲ ಹಾಕಿ ತಿರುವಿ ರುಚಿ ನೋಡಿದರೆ ಸಪ್ಪಗೆ. ‘ಇನ್ನೂ ನಾಲ್ಕು ಮುಷ್ಟಿ’ ಅಂದಳು. ನೋಡಿದಳು. ಸಪ್ಪಗೇ. ಒಂದೊಂದು ಪೆಂಟೆಯನ್ನೇ ಒಡೆಸಿ ಸುರುವಿಸಿದಳು. ಹೂರಣ ಗಟ್ಟಿಯಾಗುವ ಬದಲು ನೀರಾಗಿ ಜಾರತೊಡಗಿತು. ಮೂರನೆಯ ಸಲ ನಾಲಿಗೆಗೆ ಇಟ್ಟುಕೊಂಡಾಗ ತಿಪ್ಪವ್ವನಿಗೆ ಸಿಟ್ಟು ಬಂತು. ಇಷ್ಟು ದಿನದ ಅಡುಗೆಯಲ್ಲಿ ಇಂಥ ಬೆಲ್ಲ ಕಂಡಿರಲಿಲ್ಲ. ಯಜಮಾನನನ್ನು ಕರೆಸಿದಳು.

ಉಳವಪ್ಪ ರೇಶಿಮೆ ರುಮಾಲು ಸುತ್ತಿಕೊಳ್ಳುತ್ತಲೇ ಬಂದ.

‘ಯಜಮಾನ್ರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಬೆಲ್ಲದಾಗ ಜೀವ ಇಲ್ಲ. ಗಾಣದವರು ಏನೋ ಮೋಸ ಮಾಡ್ಯಾರ. ಮಣ್ಣು ತಿಂದಂಗ ಐತಿ.’

ಉಳವಪ್ಪನ ಮುಖ ಕೆಂಪಗಾಯಿತು. ಬೀಗರ ಕಡೆಯ ನಾಲ್ಕು ಮಂದಿ ಅಲ್ಲೇ ಇದ್ದರು. ಅವನು ಬಾಗಿ ಒಂದು ಹಿಡಿ ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡು ಅಗಿದ. ಅಗಿಯುತ್ತ ತಿಪ್ಪವ್ವನನ್ನು ನೋಡಿದ. ‘ಏನಾಗೇತಿ ಇದಕ್ಕ?’ ಅಂದ.

ಕಣಕ ನಾದುತ್ತಿದ್ದ ಶಾರವ್ವ ಕೈ ಒರೆಸಿಕೊಂಡು ಎದ್ದಳು. ಅತ್ತೆಯ ಅಪ್ಪಣೆ ಕೇಳದೆ ಹೂರಣದ ಕೊಪ್ಪರಿಗೆಯಿಂದ ಕಾಳಿನಷ್ಟು ತೆಗೆದು ನಾಲಿಗೆಯ ಮೇಲಿಟ್ಟುಕೊಂಡಳು. ನುಂಗಿ, ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದಳು.

‘ಅತ್ತಿ, ಸಪ್ಪಗಿಲ್ರಿ. ಬಾಯಾಗ ಇಡಾಕ ಆಗೂದಿಲ್ಲ, ಅಷ್ಟು ಸಿಹಿ ಐತಿ. ಮುಂಜಾನೆ ನೀವು ಎಲಿ ಅಗದ್ರಿ.’

ತಿಪ್ಪವ್ವ ಕೊಪ್ಪರಿಗೆ ನೋಡಿದಳು, ಸೊಸೆಯ ಮುಖ ನೋಡಿದಳು, ಅಲ್ಲೇ ಮಣೆಯ ಮೇಲೆ ಕೂತುಬಿಟ್ಟಳು. ಬೇಕಾದರೆ ಏನಾದರೂ ನೆವ ಹೇಳಬಹುದಿತ್ತು. ಆದರೆ ಒಬ್ಬ ರೈತನ ಬೆಲ್ಲಕ್ಕೆ ಅವನ ಬೀಗರ ಮುಂದೆ ಹೆಸರಿಟ್ಟಾಗಿತ್ತು. ಅದನ್ನು ಹಾಗೇ ಬಿಡುವ ಮನಸ್ಸು ಅವಳಿಗಾಗಲಿಲ್ಲ.

‘ತಪ್ಪು ನಂದ್ರಿ ಯಜಮಾನ್ರ,’ ಅಂದಳು. ‘ನಿಮ್ಮ ಬೆಲ್ಲ ಬಂಗಾರ. ನನಗ ಸಕ್ರಿ ಜಡ್ಡು. ಆಸಿ ಆಗಬಾರದು ಅಂತ ಸಿಹಿ ತಿಳೀಧಂಗ ಮಾಡೂ ಎಲಿ ಅಗದೇನಿ. ಸತ್ತದ್ದು ನನ್ನ ನಾಲಿಗಿ, ನಿಮ್ಮ ಬೆಲ್ಲ ಅಲ್ಲ.’

ಉಳವಪ್ಪ ಅವಳನ್ನೇ ನೋಡುತ್ತ ನಿಂತ. ಬಾಯಲ್ಲಿ ಇನ್ನೂ ಬೆಲ್ಲವಿತ್ತು. ಆಮೇಲೆ ಹೊಟ್ಟೆ ಕುಲುಕಿಸಿ ನಗತೊಡಗಿದ. ಅವನು ನಕ್ಕದ್ದು ನೋಡಿ ಬೀಗರೂ ನಕ್ಕರು. ಚಪ್ಪರದ ಬಿಗಿ ಸಡಿಲಾಯಿತು.

‘ಈಗೇನು ಮಾಡೂದು?’ ಅಂತ ಅವನು ಕೇಳಿದ.

ತಿಪ್ಪವ್ವ ಸೊಸೆಯ ಕಡೆ ತಿರುಗಿ, ‘ಶಾರವ್ವ, ಏನು ಮಾಡೂಣು?’ ಅಂದಳು. ಅವಳು ಸೊಸೆಯನ್ನು ಈ ಮಾತು ಕೇಳಿದ್ದು ಅದೇ ಮೊದಲು. ಶಾರವ್ವ ಗಾಬರಿಯಾಗಲಿಲ್ಲ. ಇಷ್ಟು ವರ್ಷ ಸುಮ್ಮನೆ ನೋಡಿದ್ದೆಲ್ಲ ಅವಳ ಹತ್ತಿರ ಇತ್ತು.

‘ಇನ್ನೊಂದು ಕೊಪ್ಪರಿಗಿ ಬ್ಯಾಳಿ ಬೇಯಿಸೂಣ್ರಿ. ಬೆಲ್ಲಾ ಹಾಕೂದು ಬ್ಯಾಡ. ಅದನ್ನ ಇದಕ್ಕ ಕೂಡಿಸಿದ್ರ ಗಟ್ಟೀನೂ ಆಗತೈತಿ, ಹದಾನೂ ಬರತೈತಿ. ಮುಹೂರ್ತಕ್ಕ ಇನ್ನೂ ಹೊತ್ತೈತಿ.’

ಹಾಗೇ ಮಾಡಿದರು. ಬೇಳೆ ಬೆಂದು ಕೂಡಿಸುವಾಗ ಶಾರವ್ವ ರುಚಿ ನೋಡುವಳು, ತಿಪ್ಪವ್ವ ಅವಳ ಕಣ್ಣು ನೋಡುವಳು. ಶಾರವ್ವ ಎರಡನೆಯ ಸಲ ರುಚಿ ನೋಡಿದಳು, ಮೂರನೆಯ ಸಲವೂ ನೋಡಿದಳು. ಅದು ಬಾರದವರ ಚಟ ಅಂತ ತಿಪ್ಪವ್ವ ಅನ್ನಲಿಲ್ಲ. ಕೊನೆಗೆ ಶಾರವ್ವ ‘ಸಾಕ್ರಿ’ ಅಂದಾಗ ತಿಪ್ಪವ್ವ ಜಾಜಿಕಾಯಿ ತೇಯ್ದು ಹಾಕಿ ಕೊಪ್ಪರಿಗೆ ಇಳಿಸಿದಳು. ಹೂರಣ ಬೇಕಾದ್ದಕ್ಕಿಂತ ಅರ್ಧದಷ್ಟು ಹೆಚ್ಚಾಯಿತು. ಹಾಗಾಗಿ ಕರೆದವರು ಉಂಡು, ಕರೆಯದವರೂ ಉಂಡು, ಸಂಜೆ ಓಣಿಯ ಮಕ್ಕಳೆಲ್ಲ ಕೈಯಲ್ಲಿ ಹೋಳಿಗೆ ಹಿಡಿದು ತಿರುಗಿದರು.

ಊಟದ ಗದ್ದಲ ಏರುವ ಮುಂಚೆ ಉಳವಪ್ಪ ಮತ್ತೊಮ್ಮೆ ಚಪ್ಪರಕ್ಕೆ ಬಂದ. ಈ ಸಲ ಒಬ್ಬನೇ ಬಂದು, ಕಟ್ಟಿಗೆಯ ರಾಶಿಯ ಮರೆಗೆ ನಿಂತು ಕೇಳಿದ.

‘ತಿಪ್ಪವ್ವ, ಈ ಜಡ್ಡಿನಾಗ ನೀರಡಿಕಿ ಭಾಳ ಆಗತೈತೇನು?’

‘ಆಗತೈತ್ರಿ.’

‘ಕಾಲು ಉರಿ?’

ತಿಪ್ಪವ್ವನಿಗೆ ತಿಳಿಯಿತು. ‘ಡಾಕ್ಟರಿಗೆ ತೋರಿಸೀರೇನ್ರಿ?’

‘ತೋರಿಸೇನಿ. ಮನಿಯಾಗ ಹೇಳಿಲ್ಲ. ಹೇಳಿದ್ರ ಇವತ್ತು ಮಗಳ ಮದಿವ್ಯಾಗ ನನ್ನ ಎಲಿಗೆ ಏನು ಹಾಕಬೇಕು ಅಂತ ಹೆಂಡ್ತಿ ಅತ್ಗೋತ ಕುಂದರತಾಳ. ಪಂಕ್ತಿಯೊಳಗ ಎಲ್ಲಾರ ಮುಂದ ಒಲ್ಲೆ ಅನ್ನಾಕ ಬರೂದಿಲ್ಲ. ತಿಂದ್ರ ಕಾಲು ಉರೀತಾವ.’

‘ನೀವು ಕುಂದರ್ರಿ. ಎಲಿಗೆ ಹಾಕೂದು ನಂಗ ಬಿಡ್ರಿ,’ ಅಂದಳು ತಿಪ್ಪವ್ವ.

ತನಗೆಂದು ಮಾಡಿಕೊಂಡದ್ದು ಒಂದು ಕಡೆ ಇತ್ತು. ತೆಳ್ಳಗಿನ ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಳಕೆ ಹೆಸರಿನ ಪಲ್ಯ, ಮೆಂತೆ ಸೊಪ್ಪಿನ ಪಚಡಿ, ಕೆನೆ ತೆಗೆದ ಮಜ್ಜಿಗೆ. ಅದಕ್ಕೆ ಜೊತೆಯಾಗಿ, ಅಂದು ಬಸಿದ ಕಟ್ಟಿನ ಸಾರು, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಉಳವಪ್ಪನ ಎಲೆಗೆ ಅವಳೇ ಬಡಿಸಿದಳು. ಹೋಳಿಗೆ ಬಂದಾಗ ಉಗುರಿನಷ್ಟು ಮುರಿದು ಎಲೆಯ ತುದಿಗಿಟ್ಟು, ‘ಇದು ಮಗಳ ಮದಿವಿ ಶಾಸ್ತ್ರಕ್ಕ’ ಅಂದು ಮುಂದೆ ಹೋದಳು. ಪಕ್ಕದಲ್ಲಿ ಕೂತ ಬೀಗರ ಹಿರಿಯ ತನ್ನ ಹೋಳಿಗೆ ಬಿಟ್ಟು ಈ ಎಲೆಯನ್ನೇ ನೋಡುತ್ತಿದ್ದ. ‘ಅದೇನು, ಯಜಮಾನರಿಗೆ ಬ್ಯಾರೆ ಅಡಗಿ? ಆ ಎಣ್ಣಿಗಾಯಿ ನನಗೂ ಹಾಕವ್ವ’ ಅಂದ. ಅವನ ಆಚೆಯವನೂ ಕೈ ಚಾಚಿದ. ತಿಪ್ಪವ್ವನ ಪಾಲಿಗೆ ಕೊನೆಗೆ ಒಂದೇ ರೊಟ್ಟಿ ಉಳಿಯಿತು.

ಉಳವಪ್ಪ ಮದುವೆಯ ನಾಲ್ಕನೆಯ ದಿನ ಹೆಂಡತಿಗೆ ತಾನೇ ಹೇಳಿದನಂತೆ. ಸುದ್ದಿ ಅಲ್ಲಿಗೇ ನಿಲ್ಲಲಿಲ್ಲ. ಆಮೇಲಿನ ಮದುವೆಗಳಲ್ಲಿ ಅಡುಗೆ ಗೊತ್ತು ಮಾಡಲು ಬಂದವರು ಎಲ್ಲ ಮಾತೂ ಮುಗಿದ ಮೇಲೆ ದನಿ ಇಳಿಸಿ, ‘ನಮ್ಮ ಮನ್ಯಾಗೂ ಒಬ್ಬರು ಅದಾರ್ರಿ’ ಅನ್ನತೊಡಗಿದರು. ಒಬ್ಬರು ಇಬ್ಬರಾದರು. ಚಿಕ್ಕೇರೂರಿನ ಒಂದು ಮದುವೆಯಲ್ಲಿ ಏಳು ಮಂದಿ ಕೂಡಿ ಕೂತರು. ತಿಪ್ಪವ್ವ ಅವರ ಎದುರು ಸೊಂಟಕ್ಕೆ ಕೈಯಿಟ್ಟು ನಿಂತು ಬಡಿಸಿದಳು. ಯಾರೋ ಮೂರನೆಯ ರೊಟ್ಟಿ ಕೇಳಿದರೆ, ‘ಹೊಟ್ಯಾಗ ಹೋದ ಮ್ಯಾಲ ಅದೂ ಸಕ್ರಿನ, ಕಾಕಾ. ಪಲ್ಯ ಹಾಕತೇನಿ, ತಗೊಳ್ರಿ’ ಅನ್ನುವಳು. ಬೆಲ್ಲದಿಂದ ಹೆಸರಾದವಳು ಬೆಲ್ಲವಿಲ್ಲದ ಪಂಕ್ತಿಗೂ ಹೆಸರಾದಳು.

ಕುಲಸುಮಬಿ ಬಳೆ ತೊಡಿಸುವ ಮನೆಗಳಲ್ಲೆಲ್ಲ ಈ ಸುದ್ದಿ ಹಂಚಿದಳು. ಹಳೆಯ ಮದ್ದುಗಳನ್ನೂ ಬಿಡಲಿಲ್ಲ, ಹೊಸದಾಗಿ ಯಾರಾದರೂ ಹೇಳಿದರೆ ಅದನ್ನೂ ಕೇಳಿಕೊಂಡು ಬರುವಳು. ಈರುಳ್ಳಿ ಅಂಗಾಲಿಗೆ ಕಟ್ಟಿಕೊಂಡು ಮಲಗಿದರೆ ಸಕ್ಕರೆ ಇಳಿಯುತ್ತದಂತೆ ಎಂದು ಒಮ್ಮೆ ತಂದಳು. ‘ಅದನ್ನ ಹುರದು ಪಲ್ಯಕ್ಕ ಹಾಕಿ ತಿನ್ನೂಣು, ಕುಲಸುಮಕ್ಕ’ ಅಂದಳು ತಿಪ್ಪವ್ವ. ಇಬ್ಬರೂ ತಿಂಗಳಿಗೊಮ್ಮೆ ಒಂದೇ ದಿನ ಶಿಗ್ಗಾಂವಿಗೆ ಹೋಗುವುದನ್ನು ತಪ್ಪಿಸಲಿಲ್ಲ. ನಳಿಗೆ ಹಸಿರಿಗೆ ಇಳಿದ ದಿನ ಗಲಗಲಿ ಡಾಕ್ಟರು ಕಂಪೌಂಡರನಿಗೆ ಹೇಳಿ ಇಬ್ಬರಿಗೂ ಚಹಾ ತರಿಸಿದರು. ಏನೂ ಹಾಕದ ಚಹಾ. ತಿಪ್ಪವ್ವ ಒಂದು ಗುಟುಕು ಕುಡಿದು, ‘ಚಹಾಕ್ಕೂ ಒಂದು ರುಚಿ ಐತಿ ನೋಡ್ರಿ, ಇಷ್ಟು ದಿನ ತಿಳಿದಿರಲಿಲ್ಲ’ ಅಂದಳು.

ಅರವತ್ತೈದನೆಯ ಇಸವಿಯ ಹೊತ್ತಿಗೆ ತಿಪ್ಪವ್ವನ ಕಾಲು ಸ್ವಲ್ಪ ಜೋಮು ಹಿಡಿಯುತ್ತಿತ್ತು. ಒಲೆಯ ಮುಂದೆ ಬಹಳ ಹೊತ್ತು ನಿಲ್ಲುವುದು ಬೇಡವೆಂದು ಡಾಕ್ಟರು ಹೇಳಿದರು. ಆ ವರ್ಷ ಹಿರೇಕೆರೂರಿನ ಮದುವೆಗೆ ಶಾರವ್ವ ಎರಡು ಆಳು ಹೆಂಗಸರನ್ನು ಕಟ್ಟಿಕೊಂಡು ಒಬ್ಬಳೇ ಹೋದಳು. ಬಸ್ಸು ಹತ್ತುವ ಮುಂಚೆ, ‘ಅತ್ತಿ, ಏನರ ಹೇಳೂದೈತೇನ್ರಿ?’ ಅಂತ ಕೇಳಿದಳು. ತಿಪ್ಪವ್ವ ಹೇಳಬೇಕಾದ್ದು ಬಹಳ ಇದೆ ಎಂಬಂತೆ ಬಾಯಿ ತೆರೆದು, ‘ಕಟ್ಟಿಗಿ ಹಸೀವು ಕೊಟ್ರ ತಗೋಬ್ಯಾಡ’ ಅಂದಳು, ಅಷ್ಟೇ.

ಬಸ್ಸು ಹೋದ ಮೇಲೆ ಮನೆಗೆ ಬಂದು ಎರಡು ರೊಟ್ಟಿ ಬಡಿದು, ಹೀರೇಕಾಯಿ ಪಲ್ಯ ಹಚ್ಚಿಕೊಂಡು ಉಂಡಳು. ಮದುವೆಯ ಹಂಗಾಮಿನಲ್ಲಿ ಮಧ್ಯಾಹ್ನ ಮಲಗಿ ಅವಳಿಗೆ ಗೊತ್ತೇ ಇರಲಿಲ್ಲ. ಪಡಸಾಲೆಯಲ್ಲಿ ಚಾಪೆ ಹಾಸಿ, ಬಾಗಿಲಿನಿಂದ ಬರುವ ಗಾಳಿಗೆ ಮುಖ ಮಾಡಿ ಮಲಗಿದಳು. ಸಂಜೆ ಗುದ್ಲೆಪ್ಪ ಹೊಲದಿಂದ ಬಂದು ಎಬ್ಬಿಸುವ ತನಕ ಗಾಢ ನಿದ್ದೆ ಮಾಡಿದಳು.